ನಗಿಸಿದ ಬಾಲಕನ ಋಣ

ಮಕ್ಕಳು ದೊಡ್ಡವರಂತೆ ಮಾತನಾಡಿದರೆ ದೊಡ್ಡವರಿಗೆ ನಗು ಬರುತ್ತದೆ. ಮೊಮ್ಮಗನು ಅಜ್ಜನ ಕನ್ನಡಕವನ್ನು ಮೂಗಿಗೇರಿಸಿಕೊಂಡು ಜಗಲಿಯ ಮೇಲೆ ಪಂಚಾಯಿತಿ ನಡೆಸಿದರೆ ನಗದಿರುವ ಅಜ್ಜನಿಲ್ಲ. ಆ ನಗುವಿನಲ್ಲಿ ಕೇಡಿಲ್ಲ. ಏಕೆಂದರೆ ನಾಲ್ಕು ವರ್ಷ ಕಳೆಯುವುದರೊಳಗೆ ಮೊಮ್ಮಗನು ಆ ಆಟವನ್ನು ಬಿಟ್ಟಿರುತ್ತಾನೆ. ಅದನ್ನೇ ಮತ್ತೆ ಆಡೆಂದು ಅಜ್ಜನೂ ಪೀಡಿಸುವುದಿಲ್ಲ. ಆದರೆ ಆ ನಗುವಿಗೆ ಬೆಲೆ ಕಟ್ಟಿ, ವಾರಕ್ಕೊಮ್ಮೆ ಲಕ್ಷಾಂತರ ಮನೆಗಳಿಗೆ ಅದನ್ನು ಒದಗಿಸುವ ಉದ್ಯಮವೊಂದು ಹುಟ್ಟಿಕೊಂಡರೆ ಸಂಗತಿಯ ಸ್ವರೂಪವೇ ಬೇರೆಯಾಗುತ್ತದೆ. ಆಗ ಮಗುವು ಆಟವನ್ನು ಬಿಡುವಂತಿಲ್ಲ, ಬೆಳೆಯುವಂತೆಯೂ ಇಲ್ಲ. ಅಂತಹ ಉದ್ಯಮದ ಕೈಯಲ್ಲಿ ಒಂದು ಜೀವವು ಏನಾಗಬಹುದೆಂಬುದಕ್ಕೆ ಅಮೆರಿಕದ ಗ್ಯಾರಿ ಕೋಲ್ಮನ್ ಎಂಬ ನಟನ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಆತನ ಚರಿತ್ರೆಯನ್ನು ತಿಳಿಯಬೇಕಾದರೆ ಆತನು ದುಡಿದ ಕಲೆಯ ಗುಣವನ್ನು ಮೊದಲು ತಿಳಿಯಬೇಕು. ಅಮೆರಿಕದವರು ‘ಸಿಟ್‌ಕಾಂ’ ಎಂದು ಕರೆಯುವ ಹಾಸ್ಯ ಧಾರಾವಾಹಿಯು ಟೆಲಿವಿಷನ್ನಿನಲ್ಲಿ ವಾರಕ್ಕೊಮ್ಮೆ ಬರುವ ಅರ್ಧ ಗಂಟೆಯ ಆಟ. ಪ್ರತಿ ವಾರವೂ ಅದೇ ನಡುಮನೆ, ಅದೇ ಸೋಫಾ, ಅದೇ ನಾಲ್ಕೈದು ಮುಖಗಳು. ಒಂದು ಪೇಚು ಹುಟ್ಟುತ್ತದೆ, ಗಂಟುಬೀಳುತ್ತದೆ, ಕಡೆಯ ಗಳಿಗೆಯಲ್ಲಿ ಬಿಡಿಸಿಕೊಳ್ಳುತ್ತದೆ. ಮುಂದಿನ ವಾರ ಬಾಗಿಲು ತೆರೆದಾಗ ಹಿಂದಿನ ವಾರದ ಪೇಚಿನ ಗುರುತು ಸಹ ಉಳಿದಿರುವುದಿಲ್ಲ. ನಾಟಕದ ಪ್ರೇಕ್ಷಕನು ಕಥೆಯು ಮುಂದುವರಿಯಲೆಂದು ಕಾಯುತ್ತಾನೆ. ಈ ಆಟದ ಪ್ರೇಕ್ಷಕನು ಏನೂ ಬದಲಾಗದಿರಲೆಂದು ಕಾಯುತ್ತಾನೆ. ದಿನದ ದುಡಿಮೆಯಿಂದ ಬೇಸತ್ತು ಮನೆಗೆ ಬಂದವನಿಗೆ ಪರಿಚಿತರ ಮನೆಯೊಂದು ಎಂದಿನಂತೆಯೇ ಇದೆಯೆಂಬ ನೆಮ್ಮದಿಯೇ ಅದರ ರಸ. ವಯಸ್ಕನಾದ ನಟನು ಎಂಟು ವರ್ಷ ಒಂದೇ ತೆರನಾಗಿದ್ದಂತೆ ನಟಿಸಬಲ್ಲನು. ಬಾಲನಟನಿಗಾದರೋ ಪ್ರಕೃತಿಯೇ ಅಡ್ಡಬರುತ್ತದೆ: ದನಿಯೊಡೆಯುತ್ತದೆ, ಮೀಸೆ ಚಿಗುರುತ್ತದೆ, ಮುದ್ದು ಕರಗುತ್ತದೆ. ಆದಕಾರಣ ವಯಸ್ಸಿಗಿಂತ ಚಿಕ್ಕವರಾಗಿ ಕಾಣುವ ಮಕ್ಕಳಿಗೆ ಅಲ್ಲಿ ಬೇಡಿಕೆ ಹೆಚ್ಚು. ಕೋಲ್ಮನ್ನನಲ್ಲಿ ಆ ಉದ್ಯಮಕ್ಕೆ ದೊರೆತದ್ದು ಅದಕ್ಕೂ ಮಿಗಿಲಾದದ್ದು. ಬೆಳೆಯಲಾರದ ಬಾಲಕನೇ ದೊರೆತನು.

ಗ್ಯಾರಿಯು ೧೯೬೮ನೆಯ ಇಸವಿ ಫೆಬ್ರವರಿ ೮ರಂದು ಹುಟ್ಟಿ, ಇಲಿನಾಯ್ ಸಂಸ್ಥಾನದಲ್ಲಿ ಮಿಷಿಗನ್ ಸರೋವರದ ತೀರದ ಜಯಾನ್ ಎಂಬ ಸಣ್ಣ ಪಟ್ಟಣದಲ್ಲಿ ಬೆಳೆದನು. ಎಳೆಯ ಶಿಶುವಾಗಿದ್ದಾಗಲೇ ಶ್ರಮಜೀವಿಗಳಾದ ಕರಿಯ ದಂಪತಿಗಳು ಅವನನ್ನು ದತ್ತು ತೆಗೆದುಕೊಂಡರು. ಮಗುವಿಗೆ ಮೂತ್ರಪಿಂಡದ ರೋಗವಿತ್ತು. ರಕ್ತವನ್ನು ಸೋಸುವ ಸೂಕ್ಷ್ಮ ಜಾಲಗಳು ಕಲೆಗಟ್ಟಿ ಕ್ರಮೇಣ ಕೆಲಸ ನಿಲ್ಲಿಸತಕ್ಕ ಬೇನೆ ಅದು. ೧೯೭೩ರಲ್ಲಿ, ಅಂದರೆ ಐದನೆಯ ವಯಸ್ಸಿನಲ್ಲಿ, ಅವನಿಗೆ ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸಲಾಯಿತು. ಜೀವವೇನೋ ಉಳಿಯಿತು. ಆದರೆ ರೋಗವೂ, ಅದಕ್ಕೆ ಕೊಟ್ಟ ಔಷಧಗಳೂ ಸೇರಿ ದೇಹದ ಬೆಳವಣಿಗೆಯನ್ನು ತಡೆದವು. ಮುಖವು ಎಳೆಯ ಮಗುವಿನದರಂತೆ ದುಂಡಗೆ ಉಳಿಯಿತು. ಪೂರ್ಣ ವಯಸ್ಕನಾದ ಮೇಲೆಯೂ ಆತನ ಎತ್ತರವು ೪ ಅಡಿ ೮ ಅಂಗುಲವನ್ನು ಮೀರಲಿಲ್ಲ.

ಆ ಪುಟ್ಟ ದೇಹದಲ್ಲಿ ಅಸಾಧಾರಣವಾದ ಚುರುಕು ಬುದ್ಧಿಯಿತ್ತು. ಷಿಕಾಗೊ ನಗರದ ಬ್ಯಾಂಕೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ಹುಡುಗನು ಲಾಸ್ ಏಂಜಲೀಸಿನ ನಿರ್ಮಾಪಕರ ಕಣ್ಣಿಗೆ ಬಿದ್ದನು. ಒಂದೆರಡು ಧಾರಾವಾಹಿಗಳಲ್ಲಿ ಸಣ್ಣ ಪಾತ್ರಗಳು ದೊರೆತವು. ಅನಂತರ ೧೯೭೮ನೆಯ ನವೆಂಬರ್ ೩ರಂದು ಎನ್.ಬಿ.ಸಿ. ವಾಹಿನಿಯಲ್ಲಿ ‘ಡಿಫ್‌ರೆಂಟ್ ಸ್ಟ್ರೋಕ್ಸ್’ ಎಂಬ ಧಾರಾವಾಹಿಯು ಆರಂಭವಾಯಿತು. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕರಿಯರ ಕೇರಿಯಲ್ಲಿದ್ದ ಇಬ್ಬರು ಅಣ್ಣತಮ್ಮಂದಿರು ತಾಯಿಯನ್ನು ಕಳೆದುಕೊಂಡು ಅನಾಥರಾಗುತ್ತಾರೆ. ಆಕೆಯು ಮನೆಗೆಲಸಕ್ಕಿದ್ದ ಪಾರ್ಕ್ ಅವೆನ್ಯೂವಿನ ಶ್ರೀಮಂತನಾದ ಬಿಳಿಯನು ಅವರನ್ನು ಮಕ್ಕಳಾಗಿ ಸ್ವೀಕರಿಸುತ್ತಾನೆ. ಇಷ್ಟೇ ಕಥೆಯ ಬೀಜ. ಶ್ರೀಮಂತನಾಗಿ ಕಾನ್ರಡ್ ಬೇನ್, ಆತನ ಮಗಳಾಗಿ ಡೇನಾ ಪ್ಲೇಟೋ, ಅಣ್ಣ ವಿಲ್ಲಿಸನಾಗಿ ಟಾಡ್ ಬ್ರಿಜಸ್, ತಮ್ಮ ಆರ್ನಾಲ್ಡನಾಗಿ ಗ್ಯಾರಿ ಅಭಿನಯಿಸಿದರು. ದತ್ತುಮಗನ ಪಾತ್ರವನ್ನು ದತ್ತುಮಗನೇ ವಹಿಸಿದ್ದನು.

ಗ್ಯಾರಿಯ ಕೀರ್ತಿಯು ಕೇವಲ ಮುದ್ದುಮುಖದಿಂದ ಬಂದಿತೆಂದು ಹೇಳುವುದು ಅನ್ಯಾಯ. ಹಾಸ್ಯನಟನಿಗೆ ಮಾತಿಗಿಂತ ಮಾತಿನ ಹಿಂದಿನ ಮೌನವು ಮುಖ್ಯ. ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ಯಾವ ಗುರುವೂ ಕಲಿಸಲಾರನು. ಹತ್ತು ವರ್ಷದ ಈ ಹುಡುಗನಿಗೆ ಅದು ಕರಗತವಾಗಿತ್ತು. ಅಣ್ಣನಾದ ವಿಲ್ಲಿಸನು ಏನನ್ನೋ ಹೇಳುತ್ತಾನೆ. ಆರ್ನಾಲ್ಡನು ತುಟಿಯನ್ನು ಮುಂದಕ್ಕೆ ಚಾಚಿ, ಕಣ್ಣನ್ನು ಕಿರಿದು ಮಾಡಿ, ಒಂದು ಕ್ಷಣ ತಡೆದು, ಏನು ಹೇಳುತ್ತಿದ್ದೀಯೆಂದು ಅವನನ್ನೇ ಕೇಳುತ್ತಾನೆ. ಆ ಪ್ರಶ್ನೆಯ ಪದಗಳಲ್ಲಿ ಚಮತ್ಕಾರವೇನೂ ಇರಲಿಲ್ಲ. ಚಮತ್ಕಾರವೆಲ್ಲ ಆ ತಡೆಯಲ್ಲಿತ್ತು. ಅಮೆರಿಕದ ಶಾಲೆಗಳಲ್ಲಿ, ಅಂಗಡಿಗಳಲ್ಲಿ ಅದು ಗಾದೆಯಂತೆ ಹಬ್ಬಿತು. ೧೯೮೩ರಲ್ಲಿ ಅಧ್ಯಕ್ಷ ರೇಗನ್ನರ ಪತ್ನಿಯಾದ ನ್ಯಾನ್ಸಿ ರೇಗನ್ನರು ಮಾದಕ ವಸ್ತುಗಳ ವಿರುದ್ಧ ಮಕ್ಕಳಿಗೆ ಎಚ್ಚರಿಕೆ ಹೇಳುವುದಕ್ಕಾಗಿ ಈ ಧಾರಾವಾಹಿಯ ಒಂದು ಕಂತಿನಲ್ಲಿ ಸ್ವತಃ ಕಾಣಿಸಿಕೊಂಡರು. ದೇಶದ ಮಕ್ಕಳನ್ನು ತಲುಪುವ ಹೆಬ್ಬಾಗಿಲು ಆ ಬಾಲಕನ ನಡುಮನೆಯೇ ಎಂದು ಅಧ್ಯಕ್ಷರ ಭವನವೂ ಒಪ್ಪಿಕೊಂಡಂತಾಯಿತು.

ಧಾರಾವಾಹಿಯು ಎಂಟು ಋತುಗಳ ಕಾಲ ನಡೆಯಿತು. ಕಡೆಯ ಋತುವು ಎ.ಬಿ.ಸಿ. ವಾಹಿನಿಯಲ್ಲಿ ೧೯೮೬ರಲ್ಲಿ ಮುಗಿಯಿತು. ಆರಂಭದಲ್ಲಿ ಗ್ಯಾರಿಗೆ ಹತ್ತು ವರ್ಷ, ಆರ್ನಾಲ್ಡನಿಗೆ ಎಂಟು. ಮುಗಿಯುವಾಗ ಗ್ಯಾರಿಗೆ ಹದಿನೆಂಟು. ಆದರೂ ನೋಡುವವರಿಗೆ ಆತನು ಅದೇ ಆರ್ನಾಲ್ಡ್. ಹದಿನಾರನೆಯ ವಯಸ್ಸಿನ ಹುಡುಗನ ಮನಸ್ಸು ಏನೇನನ್ನು ಬಯಸುತ್ತದೆಯೋ ಅದನ್ನೆಲ್ಲ ಒಳಗಿಟ್ಟುಕೊಂಡು, ಹೊರಗೆ ಎಳೆಯ ಮಗುವಿನ ಹಟವನ್ನೂ ಮುನಿಸನ್ನೂ ಅಭಿನಯಿಸಬೇಕಾಗಿತ್ತು. ಈ ನಡುವೆ ಜೋಡಿಸಿದ್ದ ಮೂತ್ರಪಿಂಡವು ಸೋತು, ೧೯೮೪ರಲ್ಲಿ ಎರಡನೆಯ ಸಲ ಶಸ್ತ್ರಚಿಕಿತ್ಸೆಯಾಯಿತು. ಅದೂ ಬಹುಕಾಲ ನಿಲ್ಲಲಿಲ್ಲ. ಮುಂದಿನ ಬಾಳನ್ನು ಆತನು ಯಂತ್ರದಿಂದ ರಕ್ತವನ್ನು ಸೋಸಿಸಿಕೊಳ್ಳುವ ಡಯಾಲಿಸಿಸ್ ಚಿಕಿತ್ಸೆಯ ಆಧಾರದ ಮೇಲೆಯೇ ಸಾಗಿಸಬೇಕಾಯಿತು. ಯಾವ ರೋಗವು ಆ ದೇಹವನ್ನು ಕೊರೆಯುತ್ತಿತ್ತೋ ಅದರ ಫಲವನ್ನೇ ಲೋಕವು ಮುದ್ದೆಂದು ಕರೆದು ಹಣ ಕೊಟ್ಟು ನೋಡುತ್ತಿತ್ತು. ಹೀಗೆಂದು ಪ್ರೇಕ್ಷಕರಲ್ಲಿ ಕ್ರೌರ್ಯವಿತ್ತೆಂದು ಅರ್ಥವಲ್ಲ. ನಗುವವರು ಪ್ರೀತಿಯಿಂದಲೇ ನಕ್ಕರು. ಪ್ರೀತಿಗೂ ಕುರುಡುತನ ಉಂಟೆಂಬುದಷ್ಟೇ ಇಲ್ಲಿಯ ತಾತ್ಪರ್ಯ. ವಾಮನನ ಕಥೆಯಲ್ಲಿ ಕುಳ್ಳ ವಟುವನ್ನು ಕಂಡು ಬಲಿಯ ಸಭೆಯಲ್ಲಿ ಯಾರಾದರೂ ನಕ್ಕಿದ್ದರೆ ಆ ನಗುವಿಗೆ ಆಯುಸ್ಸು ಇದ್ದದ್ದು ಮೂರನೆಯ ಹೆಜ್ಜೆಯವರೆಗೆ ಮಾತ್ರ. ಗ್ಯಾರಿಗೆ ಎರಡನೆಯ ಹೆಜ್ಜೆಯನ್ನಿಡುವುದಕ್ಕೂ ನೆಲ ದೊರೆಯಲಿಲ್ಲ.

ಇನ್ನು ಹಣದ ವಿಷಯ. ಕೀರ್ತಿಯ ಶಿಖರದಲ್ಲಿ ಆತನಿಗೆ ಕಂತೊಂದಕ್ಕೆ ಲಕ್ಷ ಡಾಲರುಗಳವರೆಗೆ ಸಂಭಾವನೆ ಸಲ್ಲುತ್ತಿತ್ತೆಂದು ವರದಿಯಾಗಿತ್ತು. ಅಪ್ರಾಪ್ತವಯಸ್ಕನ ಹಣವು ನಿಧಿಯೊಂದರಲ್ಲಿತ್ತು. ಅದರ ಮೇಲ್ವಿಚಾರಣೆಯು ಹಿರಿಯರದು. ೧೯೮೯ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಆ ನಿಧಿಯಿಂದ ೩೮ ಲಕ್ಷ ಡಾಲರುಗಳು ದುರ್ವಿನಿಯೋಗವಾದುವೆಂದು ಗ್ಯಾರಿಯು ಸಾಕಿದ ತಂದೆತಾಯಿಗಳ ಮೇಲೂ ಹಿಂದಿನ ವ್ಯವಹಾರ ಸಲಹೆಗಾರನ ಮೇಲೂ ದಾವೆ ಹೂಡಿದನು. ೧೯೯೩ರಲ್ಲಿ ನ್ಯಾಯಾಲಯವು ಆತನಿಗೆ ೧೨ ಲಕ್ಷ ೮೦ ಸಾವಿರ ಡಾಲರುಗಳನ್ನು ಕೊಡಿಸಿತು. ದಾವೆಯಲ್ಲಿ ಗೆಲುವು ಗ್ಯಾರಿಯದಾಯಿತು. ಆದರೆ ಮಗನು ತಂದೆತಾಯಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪಡೆದ ಗೆಲುವನ್ನು ಯಾವ ಮನೆಯವರು ತಾನೆ ಹಬ್ಬವಾಗಿ ಆಚರಿಸಿಯಾರು!

ಕ್ಯಾಲಿಫೋರ್ನಿಯದ ನ್ಯಾಯಾಲಯಗಳಿಗೆ ಇಂತಹ ವ್ಯಾಜ್ಯವು ಹೊಸದಾಗಿರಲಿಲ್ಲ. ಅರ್ಧ ಶತಮಾನಕ್ಕೆ ಹಿಂದೆ ಜಾಕಿ ಕೂಗನ್ ಎಂಬ ಬಾಲನಟನ ಹೆಸರಿನಲ್ಲಿ ಇದರ ಮೊದಲ ಅಧ್ಯಾಯವು ನಡೆದಿತ್ತು. ೧೯೨೧ರಲ್ಲಿ ಚಾರ್ಲಿ ಚಾಪ್ಲಿನ್ನನ ‘ದ ಕಿಡ್’ ಚಿತ್ರದಲ್ಲಿ ಹರಕು ಟೋಪಿಯ ಅನಾಥನಾಗಿ ಜಗತ್ತನ್ನೇ ನಗಿಸಿ ಅಳಿಸಿದ ಹುಡುಗನು ಅವನು. ದುಡಿದದ್ದು ಲಕ್ಷಾಂತರ ಡಾಲರುಗಳು. ೧೯೩೫ರಲ್ಲಿ ತಂದೆಯು ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಪ್ರಾಪ್ತವಯಸ್ಕನಾಗಿ ತನ್ನ ಗಳಿಕೆಯನ್ನು ಕೇಳಿದಾಗ ತಾಯಿಯೂ ಆಕೆಯನ್ನು ವಿವಾಹವಾದ ಮಲತಂದೆಯೂ ಕೊಡಲೊಪ್ಪಲಿಲ್ಲ. ಮಗುವಿನ ದುಡಿಮೆಯು ಹೆತ್ತವರದೆಂಬುದೇ ಆಗಿನ ಕಾನೂನು. ೧೯೩೮ರಲ್ಲಿ ಅವನು ದಾವೆ ಹೂಡಿದನು. ಕಟ್ಟಕಡೆಗೆ ಕೈಗೆ ಬಂದದ್ದು ೧ ಲಕ್ಷ ೨೬ ಸಾವಿರ ಡಾಲರು. ಜನರು ಆಕ್ರೋಶಗೊಂಡರು, ೧೯೩೯ರಲ್ಲಿ ಕ್ಯಾಲಿಫೋರ್ನಿಯವು ಬಾಲನಟರ ಗಳಿಕೆಯ ಒಂದು ಭಾಗವನ್ನು ಕಾಯ್ದಿರಿಸಲು ಅವಕಾಶ ಮಾಡಿದ ಕಾನೂನನ್ನು ತಂದಿತು. ಅದನ್ನು ಇಂದಿಗೂ ಕೂಗನ್ ಕಾನೂನೆಂದೇ ಕರೆಯುತ್ತಾರೆ. ಆದರೆ ನ್ಯಾಯಾಲಯದ ಒಪ್ಪಿಗೆ ಪಡೆದ ಕರಾರುಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಗಳಿಕೆಯ ಒಡೆತನವನ್ನು ಮಗುವಿಗೆ ಕೊಟ್ಟಿರಲಿಲ್ಲ. ಬೇಲಿಯನ್ನು ಹಾಕಿದರು, ಗೇಟನ್ನು ಮರೆತರು. ಕೂಗನ್ನನಾದರೋ ೧೯೬೪ರಿಂದ ೧೯೬೬ರವರೆಗೆ ‘ದ ಆಡಮ್ಸ್ ಫ್ಯಾಮಿಲಿ’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಬೋಳುತಲೆಯ ವಿಚಿತ್ರ ಚಿಕ್ಕಪ್ಪನಾಗಿ ಹೊಸ ತಲೆಮಾರಿಗೆ ಪ್ರಿಯನಾದನು. ಮುದ್ದು ಮುಖವನ್ನು ಕಳೆದುಕೊಂಡದ್ದೇ ಅವನಿಗೆ ಎರಡನೆಯ ಜನ್ಮವಾಯಿತು. ದೇಹವು ಬೆಳೆದು ಬದಲಾಗಿದ್ದರಿಂದ ಆ ಭಾಗ್ಯವು ಅವನಿಗೊದಗಿತು; ಗ್ಯಾರಿಗೆ ಅದು ಒದಗುವಂತಿರಲಿಲ್ಲ.

ಏಕೆಂದರೆ ಧಾರಾವಾಹಿಯು ಮುಗಿದ ಮೇಲೂ ಆತನ ಮುಖವು ಆರ್ನಾಲ್ಡನ ಮುಖವೇ ಆಗಿತ್ತು. ವಯಸ್ಕನ ಪಾತ್ರಗಳಿಗೆ ದೇಹವು ಒಗ್ಗಲಿಲ್ಲ. ಬಾಲಕನ ಪಾತ್ರಗಳಿಗೆ ವಯಸ್ಸು ಒಗ್ಗಲಿಲ್ಲ. ದೊರೆತ ಪಾತ್ರಗಳಲ್ಲಿ ಅನೇಕವು ಆತನನ್ನು ಆತನದೇ ಹಳೆಯ ನೆರಳಾಗಿ ತೋರಿಸಿ ನಗುವಂತಹವು. ಹೊಟ್ಟೆಪಾಡಿಗಾಗಿ ಆತನು ಕಾವಲುಗಾರನ ಕೆಲಸ ಮಾಡಿದನು. ೧೯೯೮ರಲ್ಲಿ ಅಂಗಡಿಯೊಂದರಲ್ಲಿ ಹಸ್ತಾಕ್ಷರ ಕೇಳಿದ ಹೆಂಗಸೊಬ್ಬಳೊಡನೆ ಮಾತಿಗೆ ಮಾತು ಬೆಳೆದು, ಆತನು ಕೈಮಾಡಿದನು. ನ್ಯಾಯಾಲಯವು ೯೦ ದಿನಗಳ ಸೆರೆವಾಸವನ್ನು ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ಹೊಡೆದದ್ದು ತಪ್ಪೇ, ಅದಕ್ಕೆ ಸಮರ್ಥನೆ ಬೇಕಿಲ್ಲ. ಆದರೆ ಮೂವತ್ತು ವರ್ಷದ ಗಂಡಸನ್ನು ದಾರಿಯಲ್ಲಿ ಕಂಡವರೆಲ್ಲ ತಡೆದು, ಮಗುವಾಗಿದ್ದಾಗ ಹೇಳಿದ ಮಾತನ್ನೇ ಮತ್ತೊಮ್ಮೆ ಹೇಳೆಂದು ಕೇಳುತ್ತಿದ್ದರೆ ಅವನ ಸಹನೆಗೂ ಒಂದು ಮೇರೆಯಿರುತ್ತದೆಂಬುದನ್ನು ವಿಚಾರಶೀಲರು ನೆನೆಯಬಹುದು. ೧೯೯೯ರಲ್ಲಿ ಆತನು ದಿವಾಳಿ ಅರ್ಜಿ ಸಲ್ಲಿಸಿದನು. ಆಗ ಆತನು ತನ್ನ ದುರವಸ್ಥೆಯ ಹೊಣೆಯನ್ನು ಲೆಕ್ಕಿಗರಿಗೆ, ಸಾಕಿದವರಿಗೆ, ಮಧ್ಯವರ್ತಿಗಳಿಗೆ, ವಕೀಲರಿಗೆ ಹಂಚಿದನಾದರೂ, ಹಂಚಿಕೆಯನ್ನು ತನ್ನಿಂದಲೇ ಆರಂಭಿಸಿ ತನ್ನಲ್ಲಿಯೇ ಮುಗಿಸಿದನು. ಆ ಮಾತೊಂದರಲ್ಲಿ ಆತನ ಪ್ರೌಢತೆಯು ಕಾಣುತ್ತದೆ. ಪತ್ರಿಕೆಗಳು ಕಂಡದ್ದು ದಿವಾಳಿಯನ್ನು ಮಾತ್ರ.

ಅದೇ ವರ್ಷದ ಮೇ ತಿಂಗಳಲ್ಲಿ ಧಾರಾವಾಹಿಯ ಅಕ್ಕನಾಗಿದ್ದ ಡೇನಾ ಪ್ಲೇಟೋ ಮಾದಕ ಔಷಧಗಳ ಅತಿಸೇವನೆಯಿಂದ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಣ್ಣನಾಗಿದ್ದ ಟಾಡ್ ಬ್ರಿಜಸನು ಮಾದಕ ವಸ್ತುಗಳ ದಾಸನಾಗಿ, ಕೊಲೆಯತ್ನದ ಆರೋಪಕ್ಕೂ ಗುರಿಯಾಗಿ, ಅದರಿಂದ ಖುಲಾಸೆಯಾಗಿ, ಕ್ರಮೇಣ ಚಟವನ್ನು ಗೆದ್ದು ೨೦೧೦ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಮೂವರು ಮಕ್ಕಳ ಈ ಗತಿಯನ್ನು ಕಂಡು ಪತ್ರಿಕೆಗಳು ಆ ಧಾರಾವಾಹಿಗೆ ಶಾಪ ತಗಲಿತೆಂದು ಬರೆದವು. ಶಾಪವೆನ್ನುವುದು ಸುಲಭ, ಶಾಪಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಎಳೆಯ ವಯಸ್ಸಿನಲ್ಲಿ ಅಪಾರವಾದ ದುಡಿಮೆ, ಅಪಾರವಾದ ಹಣ, ಅಪಾರವಾದ ಹೊಗಳಿಕೆ, ಅನಂತರ ಒಂದೇ ದಿನದಲ್ಲಿ ಬಾಗಿಲು ಮುಚ್ಚುವುದು: ಇಷ್ಟು ಕಾರಣಗಳು ಕಣ್ಣೆದುರಿಗಿರುವಾಗ ದೈವವನ್ನು ಸಾಕ್ಷಿಗೆ ಕರೆಯುವ ಅವಶ್ಯಕತೆಯಿಲ್ಲ.

೨೦೦೩ರಲ್ಲಿ ಗ್ಯಾರಿಯ ಹೆಸರು ಮತ್ತೆ ಎರಡು ಕಡೆ ಕೇಳಿಬಂದಿತು. ಕ್ಯಾಲಿಫೋರ್ನಿಯದ ಗವರ್ನರನನ್ನು ಪದವಿಯಿಂದ ಹಿಂದಕ್ಕೆ ಕರೆಸುವ ಚುನಾವಣೆಯಲ್ಲಿ ವಾರಪತ್ರಿಕೆಯೊಂದು ವಿಡಂಬನೆಗಾಗಿ ಆತನನ್ನು ಅಭ್ಯರ್ಥಿಯಾಗಿ ನಿಲ್ಲಿಸಿತು. ೧೩೫ ಅಭ್ಯರ್ಥಿಗಳಲ್ಲಿ ಆತನು ೧೪,೨೪೨ ಮತಗಳನ್ನು ಪಡೆದು ಎಂಟನೆಯವನಾದನು. ಗೆದ್ದವನೂ ನಟನೇ, ಬೃಹದ್ದೇಹದಿಂದ ಖ್ಯಾತನಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್. ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ ‘ಅವೆನ್ಯೂ ಕ್ಯೂ’ ಎಂಬ ಸಂಗೀತ ನಾಟಕದಲ್ಲಿ ಬಡವರ ವಠಾರವನ್ನು ನೋಡಿಕೊಳ್ಳುವ ಪಾತ್ರವೊಂದಕ್ಕೆ ಗ್ಯಾರಿ ಕೋಲ್ಮನ್ ಎಂದೇ ಹೆಸರಿಟ್ಟರು. ಬದುಕಿದ್ದ ಮನುಷ್ಯನು ತನ್ನ ಪತನದ ಗುರುತಾಗಿ ರಂಗದ ಮೇಲೆ ಪ್ರತಿ ರಾತ್ರಿಯೂ ನಿಂತನು. ಆ ನಾಟಕಕ್ಕೆ ೨೦೦೪ರ ಶ್ರೇಷ್ಠ ಸಂಗೀತ ನಾಟಕವೆಂಬ ಟೋನಿ ಪ್ರಶಸ್ತಿಯೂ ಬಂದಿತು. ಆತನನ್ನು ಕಂಡು ನಗುವ ಅಭ್ಯಾಸವು ಜನರಲ್ಲಿ ಉಳಿದಿತ್ತು. ಏತಕ್ಕಾಗಿ ನಗುತ್ತಿದ್ದರೆಂಬುದು ಮಾತ್ರ ಬದಲಾಗಿತ್ತು.

ಈ ಗದ್ದಲದ ನಡುವೆ ಆತನಿಗೆ ನಿಜವಾದ ನೆಮ್ಮದಿ ಕೊಟ್ಟ ವಸ್ತುವೊಂದಿತ್ತು. ಎಳೆತನದಿಂದಲೂ ಗ್ಯಾರಿಗೆ ರೈಲುಗಾಡಿಗಳ ಮೇಲೆ ಪ್ರಾಣ. ನಿಜವಾದ ರೈಲಿನ ಪ್ರಮಾಣವನ್ನು ಕಿರಿದುಮಾಡಿ ನಿರ್ಮಿಸಿದ ಎಂಜಿನುಗಳು, ಕಂಬಿಗಳು, ಸೇತುವೆಗಳು, ನಿಲ್ದಾಣಗಳು. ಇವುಗಳನ್ನು ಮನೆಯಲ್ಲಿ ತಾನೇ ಜೋಡಿಸಿ ನಡೆಸುವುದು ಆತನ ಹವ್ಯಾಸ. ಆ ಸಾಮಾನುಗಳ ಬಳಿ ಇರಬೇಕೆಂಬ ಒಂದೇ ಆಸೆಯಿಂದ ಆತನು ಅವುಗಳನ್ನು ಮಾರುವ ಅಂಗಡಿಗಳಲ್ಲಿ ಅಲ್ಪಕಾಲದ ಕೆಲಸವನ್ನೂ ಮಾಡಿದನು. ಒಂದು ಕಾಲದಲ್ಲಿ ಇಡೀ ದೇಶವೇ ಗುರುತಿಸುತ್ತಿದ್ದ ನಟನು ಅಂಗಡಿಯ ಕಟ್ಟೆಯ ಹಿಂದೆ ನಿಂತು ಗಿರಾಕಿಗೆ ಕಂಬಿಯ ಅಳತೆಯನ್ನು ವಿವರಿಸುತ್ತಿದ್ದನೆಂದು ಕೇಳಿ ಮರುಗಿದವರುಂಟು. ಮರುಗಬೇಕಾದ ಕಾರಣವಿಲ್ಲ. ಆತನ ಬದುಕಿನಲ್ಲಿ ತಾನಾಗಿ ಆರಿಸಿಕೊಂಡ ಕೆಲಸಗಳು ಕೆಲವೇ, ಇದು ಅವುಗಳಲ್ಲೊಂದು. ಆ ಕಿರಿಯ ಲೋಕದಲ್ಲಿ ಕಿರಿದಾಗಿರುವುದು ಹಾಸ್ಯಕ್ಕೆ ವಸ್ತುವಲ್ಲ, ಅಲ್ಲಿಯ ನಿಯಮವೇ ಅದು. ಅಲ್ಲಿ ಗಾಡಿಗಳನ್ನು ಹೊರಡಿಸುವವನೂ ನಿಲ್ಲಿಸುವವನೂ ಆತನೇ.

ಕಡೆಯ ವರ್ಷಗಳನ್ನು ಗ್ಯಾರಿಯು ಯೂಟಾ ಸಂಸ್ಥಾನದಲ್ಲಿ ಕಳೆದನು. ೨೦೧೦ನೆಯ ಮೇ ೨೬ರಂದು ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಮಿದುಳಿನ ಬಳಿ ರಕ್ತಸ್ರಾವವಾಗಿ, ೨೮ರಂದು ಪ್ರೋವೊ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡನು. ಆಗ ಆತನಿಗೆ ೪೨ ವರ್ಷ. ಉಳಿದ ಅಲ್ಪಸ್ವಲ್ಪ ಆಸ್ತಿಯು ಯಾರಿಗೆ ಸೇರತಕ್ಕದ್ದೆಂಬ ವಿವಾದವು ಮತ್ತೆ ನ್ಯಾಯಾಲಯವನ್ನೇರಿ ೨೦೧೨ರಲ್ಲಿ ಇತ್ಯರ್ಥವಾಯಿತು. ಹದಿಹರೆಯ ಕಳೆದಂದಿನಿಂದ ಮರಣಾನಂತರದವರೆಗೆ, ಆತನ ಗಳಿಕೆಯು ಯಾರದೆಂಬ ಪ್ರಶ್ನೆಯು ಆತನನ್ನು ಬಿಡಲಿಲ್ಲ.

ಆ ಪ್ರಶ್ನೆಗೆ ಕಾನೂನು ಈಗ ಮೊದಲಿಗಿಂತ ಉತ್ತಮವಾದ ಉತ್ತರವನ್ನು ಕೊಟ್ಟಿದೆ. ೨೦೦೦ನೆಯ ಜನವರಿಯಿಂದ ಕ್ಯಾಲಿಫೋರ್ನಿಯದಲ್ಲಿ ಬಾಲನಟನ ಗಳಿಕೆಯು ಆ ಮಗುವಿನದೇ ಸ್ವತ್ತು. ಅದರಲ್ಲಿ ಶೇಕಡಾ ೧೫ ಭಾಗವನ್ನು ಪ್ರತ್ಯೇಕ ನಿಧಿಯಲ್ಲಿ ಇಡಲೇಬೇಕು. ಭಾರತದಲ್ಲಿಯೂ ೨೦೧೬ರ ಬಾಲಕಾರ್ಮಿಕ ತಿದ್ದುಪಡಿ ಕಾನೂನು ಮಕ್ಕಳು ಕಲಾವಿದರಾಗಿ ದುಡಿಯುವುದಕ್ಕೆ ಅವಕಾಶವಿತ್ತು, ೨೦೧೭ರ ನಿಯಮಗಳು ಅದಕ್ಕೆ ಮಿತಿಗಳನ್ನು ವಿಧಿಸಿದವು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದು; ಮೂರು ಗಂಟೆಗಿಂತ ಹೆಚ್ಚು ಕಾಲ ವಿರಾಮವಿಲ್ಲದೆ ದುಡಿಸಕೂಡದು; ಗಳಿಕೆಯಲ್ಲಿ ಕನಿಷ್ಠ ಶೇಕಡಾ ೨೦ ಭಾಗವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ಕನ್ನಡದ ವಾಹಿನಿಗಳಲ್ಲಿಯೂ ಪುಟ್ಟ ಮಕ್ಕಳು ದೊಡ್ಡವರ ವೇಷ ಹಾಕಿ, ದೊಡ್ಡವರ ಮಾತಾಡಿ ನಗಿಸುವ ಕಾರ್ಯಕ್ರಮಗಳು ಮನೆಮನೆಗೂ ಬರುತ್ತಿರುವಾಗ ಈ ನಿಯಮಗಳು ಇರುವುದು ಸಮಾಧಾನದ ಸಂಗತಿ.

ಆದರೆ ಹಣವನ್ನು ಕಾಯುವಷ್ಟು ಸುಲಭವಾಗಿ ಕಾನೂನು ಬಾಲ್ಯವನ್ನು ಕಾಯಲಾರದು. ಬೆಳೆದು ಬೇರೆಯಾಗುವ ಹಕ್ಕನ್ನು ಯಾವ ಬ್ಯಾಂಕಿನಲ್ಲಿಯೂ ಠೇವಣಿಯಿಡಲು ಬರುವುದಿಲ್ಲ. ಅದು ನೋಡುವವರ ಮನಸ್ಸಿನಲ್ಲಿ ಮಾತ್ರ ಸುರಕ್ಷಿತವಾಗಿರಬಲ್ಲುದು. ಮಗುವಿನ ಚತುರೋಕ್ತಿಗೆ ನಕ್ಕವರು ಆ ಮಗುವಿಗೆ ಒಂದು ಋಣವನ್ನು ಹೊತ್ತಿರುತ್ತಾರೆ. ಹತ್ತು ವರ್ಷಗಳ ಮೇಲೆ ಅವನು ದಾರಿಯಲ್ಲಿ ಎದುರಾದರೆ ಹಳೆಯ ಮಾತನ್ನು ಹೇಳೆಂದು ಒತ್ತಾಯಿಸದೆ, ಈಗ ಏನು ಮಾಡುತ್ತಿರುವಿರೆಂದು ದೊಡ್ಡವರನ್ನು ಕೇಳುವಂತೆ ಕೇಳುವುದೇ ಆ ಋಣದ ತೀರುವಳಿ. ಗ್ಯಾರಿ ಕೋಲ್ಮನ್ನನನ್ನು ಹಾಗೆ ಕೇಳಿದ್ದರೆ ಆತನು ಬಹುಶಃ ರೈಲುಗಳ ವಿಷಯವನ್ನು ಹೇಳುತ್ತಿದ್ದನು.